ಬಾನಿನ ಸುದ್ದಿ, ಮನೆಯ ಮಾತು

ಮೇ ತಿಂಗಳ 5ನೆಯ ತಾರೀಖಿನ ಆಸುಪಾಸಿನಲ್ಲಿ ಒಂದು ಮಧ್ಯಾಹ್ನ, ಗಡಿಯಾರ 12 ಗಂಟೆ 24 ನಿಮಿಷ ತೋರಿಸುವ ಹೊತ್ತಿಗೆ, ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಬಯಲಿಗೆ ಬಂದು ಒಂದು ಒನಕೆಯನ್ನು ನೆಟ್ಟಗೆ ನಿಲ್ಲಿಸಿ ನೋಡಿ. ಅದಕ್ಕೆ ನೆರಳಿರುವುದಿಲ್ಲ. ಎರಡು ಮೂರು ನಿಮಿಷ ಹಾಗೆಯೇ ಇದ್ದು, ಆಮೇಲೆ ಬುಡದಿಂದ ಮೂಡಣ ದಿಕ್ಕಿಗೆ ಒಂದು ಕಪ್ಪು ಗೆರೆ ಮೆಲ್ಲಗೆ ಹೊರಟು ಬರುತ್ತದೆ. ಕೆಲವು ವರ್ಷಗಳಿಂದ ನಾನು ಈ ಆಟವನ್ನು ಇಲ್ಲಿನ ಹುಡುಗರಿಗೆ ತೋರಿಸುತ್ತ ಬಂದಿದ್ದೇನೆ. ಮೊದಲ ಸಲ ತೋರಿಸಿದಾಗ ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಮುದುಕ ನಿಂತು ನೋಡಿ, “ದಿನಾ ಮಧ್ಯಾಹ್ನ ಸೂರ್ಯ ನೆತ್ತಿ ಮ್ಯಾಲೇ ಇರ್ತಾನಲ್ರಿ, ಇದರಾಗೇನೈತಿ ಹೊಸಾದು?” ಎಂದು ಕೇಳಿದ.

ಕೇಳಿದ್ದು ಸರಿಯಾದ ಪ್ರಶ್ನೆಯೇ. ದಿನವೂ ನೆತ್ತಿಯ ಮೇಲೆ ಬರುತ್ತಾನೆಂದೇ ನಾವೆಲ್ಲರೂ ನಂಬಿದ್ದೇವೆ. ಆದರೆ ವಿದ್ಯಾಗಿರಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡೇ ದಿನ. ಭೂಮಿಯ ಅಕ್ಷ ಇಪ್ಪತ್ತಮೂರೂವರೆ ಅಂಶ ಓರೆಯಾಗಿರುವುದರಿಂದ, ಸೂರ್ಯನು ಉತ್ತರಕ್ಕೆ ಹೋಗುವಾಗ ಒಮ್ಮೆ, ತಿರುಗಿ ದಕ್ಷಿಣಕ್ಕೆ ಬರುವಾಗ ಒಮ್ಮೆ ನಮ್ಮೂರನ್ನು ದಾಟುತ್ತಾನೆ. ಬಾಗಲಕೋಟೆಯ ಅಕ್ಷಾಂಶ ಹದಿನಾರು ಅಂಶದ ಮೇಲೆ ಚೂರು. ಆದ್ದರಿಂದ ಹೋಗುವಾಗ ಮೇ ಮೊದಲ ವಾರ, ಬರುವಾಗ ಆಗಸ್ಟ್ 7ರ ಸುಮಾರು. ಬಾದಾಮಿಯವರಿಗೂ ಇಳಕಲ್ಲಿನವರಿಗೂ ಮೇ ತಿಂಗಳಲ್ಲಿ ನಮಗಿಂತ ಒಂದು ದಿನ ಮುಂಚೆ. ಬೆಂಗಳೂರಿನವರಿಗೆ ಏಪ್ರಿಲ್ 24ಕ್ಕೇ ಆಗಿಹೋಗಿರುತ್ತದೆ. ಇಷ್ಟನ್ನು ಆ ಮುದುಕನಿಗೆ ಹೇಳುವುದಕ್ಕೆ ನನಗೆ ಕಾಲು ಗಂಟೆ ಹಿಡಿಯಿತು; ‘ಅಕ್ಷ’, ‘ಅಕ್ಷಾಂಶ’ ಎಂಬ ಎರಡು ಮಾತುಗಳನ್ನೂ ಬಿಟ್ಟು ಹೇಳಬೇಕಾಗಿ ಬಂತು. ಗಾಣದ ಮರ ಓರೆಯಾಗಿ ನಿಂತು ಸುತ್ತುವುದನ್ನು ನೆನಪಿಗೆ ತಂದ ಮೇಲೆ ಆತ “ಹಂಗನ್ರಿ” ಎಂದು ನಡೆದುಬಿಟ್ಟ.

ಓದುಗರೇ, ನಾನು ಹೇಳಹೊರಟದ್ದು ಈ ಕಸುಬಿನ ಮಾತು. ಆಕಾಶದಲ್ಲಿ ನಡೆಯುವುದನ್ನೂ ಆಕಾಶಕ್ಕೆ ಮನುಷ್ಯ ಕಳುಹಿಸುವುದನ್ನೂ ಕನ್ನಡದಲ್ಲಿ ಹೇಳುವುದು ಒಂದು ಕಸುಬು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಜಿಲ್ಲೆಯ ವರದಿಗಾರನಾಗಿ ದುಡಿದ ನಾನು ಅದನ್ನು ಸಂದಿಯಲ್ಲಿ ಸಿಕ್ಕಷ್ಟು ಮಾಡಿದವನು. ಮಳೆ, ಬೆಳೆ, ಮುಳುಗಡೆ, ಪರಿಹಾರ, ಇವುಗಳ ನಡುವೆ. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳಿಗೆ ನುಗ್ಗಿದ ವರ್ಷಗಳಲ್ಲಿ ಚಂದ್ರನ ಸುದ್ದಿಗೆ ಯಾರು ಜಾಗ ಕೊಡುತ್ತಾರೆ? ಆದರೂ ಕೊಡುತ್ತಿದ್ದರು, ಒಳಪುಟದ ಒಂದು ಮೂಲೆಯಲ್ಲಿ.

ನಮ್ಮ ಸೀಮೆಗೆ ಇದು ಹೊಸತೇನಲ್ಲ. ಐಹೊಳೆಯ ಮೇಗುಟಿಯ ಗುಡ್ಡವನ್ನು ಹತ್ತಿದವರು ರವಿಕೀರ್ತಿಯ ಶಾಸನವನ್ನು ನೋಡಿಯೇ ಇರುತ್ತಾರೆ. ಅದರಲ್ಲಿ ಎರಡು ಲೆಕ್ಕಗಳಿವೆ. ಭಾರತ ಯುದ್ಧದಿಂದ 3735 ವರ್ಷ, ಶಕರಾಜರ ಕಾಲದಿಂದ 556 ವರ್ಷ. ಒಂದರಿಂದೊಂದನ್ನು ಕಳೆದರೆ 3179. ಇಂದಿಗೂ ಕಲಿವರ್ಷಕ್ಕೂ ಶಕವರ್ಷಕ್ಕೂ ಪಂಚಾಂಗದವರು ಹಿಡಿಯುವ ಅಂತರ ಅಷ್ಟೇ. ಸಾವಿರದ ಮುನ್ನೂರ ತೊಂಬತ್ತು ವರ್ಷಗಳ ಹಿಂದೆ ಗುಡ್ಡದ ನೆತ್ತಿಯಲ್ಲಿ ಕೊರೆದ ಲೆಕ್ಕ ನಮ್ಮ ಮನೆಯ ಗೋಡೆಗೆ ತೂಗುಹಾಕಿದ ಪಂಚಾಂಗದೊಡನೆ ತಾಳೆ ಬೀಳುತ್ತದೆ. ನಾಡಿನ ಶಾಸನಗಳಲ್ಲಿ ಗ್ರಹಣಗಳನ್ನೂ ಗ್ರಹಯೋಗಗಳನ್ನೂ ಹುಡುಕಿ, ಇಂದಿನ ಗಣಿತಕ್ಕೆ ಹೊಂದಿಸಿ ನೋಡುವ ಕೆಲಸವನ್ನು ಬೆಂಗಳೂರಿನ ಖಗೋಲ ವಿಜ್ಞಾನಿ ಡಾ. ಬಿ.ಎಸ್. ಶೈಲಜಾ ಅವರು ವರ್ಷಗಟ್ಟಲೆ ಮಾಡಿದ್ದಾರೆ. ಆದರೆ ರವಿಕೀರ್ತಿ ಬರೆದದ್ದು ಸಂಸ್ಕೃತದಲ್ಲಿ. ಗುಡ್ಡದ ಕೆಳಗೆ ಎತ್ತು ಹೊಡೆಯುತ್ತಿದ್ದವನಿಗೆ ಅದನ್ನು ಓದಿ ಹೇಳಿದವರಿದ್ದರೋ ಇಲ್ಲವೋ, ಕಲ್ಲು ಹೇಳುವುದಿಲ್ಲ.

ಕನ್ನಡದಲ್ಲಿಯೇ ಹೇಳಬೇಕೆಂದು ಹಟ ತೊಟ್ಟವರು ಬಂದದ್ದು ಕಳೆದ ಶತಮಾನದಲ್ಲಿ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಬೆಂಗಳೂರಿನಲ್ಲಿ ಹೊರಡಿಸಿದರು. ಎರಡು ವರ್ಷ ನಡೆದು ನಿಂತಿತು. ನಿಂತದ್ದನ್ನು ಎಣಿಸುವುದಕ್ಕಿಂತ, ಪಾರಿಭಾಷಿಕ ಪದಗಳೇ ಇಲ್ಲದ ಕಾಲದಲ್ಲಿ ಎರಡು ವರ್ಷ ನಡೆಯಿತಲ್ಲ ಎಂಬುದನ್ನು ಎಣಿಸಬೇಕು. ಆಮೇಲೆ ಶಿವರಾಮ ಕಾರಂತರು 1936ರಲ್ಲಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಒಬ್ಬರೇ ಬರೆದು ಕೊಟ್ಟರು. ಭೌತವಿಜ್ಞಾನದ ಅಧ್ಯಾಪಕರಾದ ಆರ್.ಎಲ್. ನರಸಿಂಹಯ್ಯನವರು ‘ಜಗತ್ತುಗಳ ಹುಟ್ಟು ಸಾವು’ ಬರೆದರು. ಹೆಸರನ್ನು ನೋಡಿ, ಅದರಲ್ಲಿ ನಿಘಂಟು ತೆಗೆದು ನೋಡಬೇಕಾದ ಒಂದು ಮಾತೂ ಇಲ್ಲ. ಮಡಿಕೇರಿಯಲ್ಲಿ ಹುಟ್ಟಿ ಮೈಸೂರಿನಲ್ಲಿ ನೆಲೆಸಿದ ಜಿ.ಟಿ. ನಾರಾಯಣ ರಾಯರು ಗಣಿತದ ಮೇಷ್ಟ್ರು, ಆಮೇಲೆ ಕನ್ನಡ ವಿಶ್ವಕೋಶದಲ್ಲಿ ವಿಜ್ಞಾನ ವಿಭಾಗದ ಸಂಪಾದಕರು. 2008ರಲ್ಲಿ ತೀರಿಕೊಳ್ಳುವವರೆಗೆ ನಕ್ಷತ್ರಗಳನ್ನು ಜನರಿಗೆ ಬೆರಳು ಮಾಡಿ ತೋರಿಸುವುದನ್ನು ಬಿಡಲಿಲ್ಲ. ಇವರಲ್ಲಿ ಯಾರೂ ಪತ್ರಕರ್ತರಲ್ಲ. ಆದರೆ ಪತ್ರಕರ್ತರಿಗೆ ಬೇಕಾದ ಮಾತುಗಳನ್ನು ಮಸೆದು ಇಟ್ಟವರು ಇವರೇ.

‘ಆಕಾಶವಾಣಿ’ ಎಂಬ ಮಾತೂ ಹಾಗೆಯೇ ಕನ್ನಡ ನಾಡಿನಿಂದ ಹೊರಟದ್ದು. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ನಡೆಸಿದ ಬಾನುಲಿ ಕೇಂದ್ರಕ್ಕೆ ಇಟ್ಟಿದ್ದ ಹೆಸರು, ಮುಂದೆ ಇಡೀ ದೇಶದ ರೇಡಿಯೋಕ್ಕೆ ಬಂತು. ಧಾರವಾಡದ ಕೇಂದ್ರ 1950ರಲ್ಲಿ ಆರಂಭವಾದ ಮೇಲೆ ನಮ್ಮ ಕಡೆಯ ಮನೆಗಳಿಗೂ ಆಕಾಶದಿಂದ ಮಾತು ಬಂತು.

ಮಾತು ಬಂದದ್ದಾಯಿತು, ಚಿತ್ರವೂ ಆಕಾಶದಿಂದಲೇ ಬಂದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ನನ್ನ ಕಸುಬಿನ ಬೀಜ ಬಿದ್ದದ್ದು ಅಲ್ಲಿ.

1975ರ ಆಗಸ್ಟ್ 1ರಂದು ಭಾರತದ 2400 ಹಳ್ಳಿಗಳಲ್ಲಿ ಒಂದು ಪ್ರಯೋಗ ಮೊದಲಾಯಿತು. ವಿಕ್ರಮ್ ಸಾರಾಭಾಯಿಯವರ ಕನಸು ಅದು. ಅವರು 1971ರ ಕೊನೆಯಲ್ಲಿ ತೀರಿಕೊಂಡಿದ್ದರು. ಅಮೆರಿಕದ ನಾಸಾ ಸಂಸ್ಥೆ ತನ್ನ ಎಟಿಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಕೊಟ್ಟಿತು. ಆ ಉಪಗ್ರಹಕ್ಕೆ ಕೊಡೆಯಂತೆ ಬಿಚ್ಚಿಕೊಳ್ಳುವ, ಒಂಬತ್ತು ಮೀಟರಿಗೂ ಅಗಲವಾದ ಆಂಟೆನಾ ಇತ್ತು. ಅದರಿಂದ ಬರುವ ಸಂಕೇತ ಅಷ್ಟು ಬಲವಾಗಿದ್ದುದರಿಂದ, ಹಳ್ಳಿಯಲ್ಲಿ ಕೋಳಿಗೂಡಿಗೆ ಬಿಗಿಯುವಂಥ ತಂತಿ ಜಾಳಿಗೆಯಿಂದ ಮಾಡಿದ ಮೂರು ಮೀಟರಿನ ತಟ್ಟೆಯೇ ಅದನ್ನು ಹಿಡಿಯುವುದಕ್ಕೆ ಸಾಕಾಗುತ್ತಿತ್ತು. ಆರು ರಾಜ್ಯಗಳನ್ನು ಆರಿಸಿದ್ದರು. ಕರ್ನಾಟಕದಲ್ಲಿ ಮೂರು ಜಿಲ್ಲೆಗಳು: ಗುಲಬರ್ಗಾ, ರಾಯಚೂರು, ಬಿಜಾಪುರ. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆಗ ನಾವು ಬಿಜಾಪುರ ಜಿಲ್ಲೆಯವರು. ಬೆಂಗಳೂರಿನವರು ತಮ್ಮ ಮನೆಯಲ್ಲಿ ಟೆಲಿವಿಷನ್ ನೋಡದಿದ್ದ ಕಾಲದಲ್ಲಿ ಹುನಗುಂದ ತಾಲ್ಲೂಕಿನ ನಮ್ಮ ಹಳ್ಳಿಯ ಸಾಲೆಯಲ್ಲಿ ನಾವು ನೋಡಿದೆವು ಎಂದರೆ ಈಗಿನ ಹುಡುಗರು ನಂಬುವುದಿಲ್ಲ.

ಮುಂಜಾನೆ ಸಾಲೆಯ ಮಕ್ಕಳಿಗೆ, ಸಂಜೆ ಊರವರಿಗೆ. ಕನ್ನಡವೂ ಇತ್ತು. ನಾನಾಗ ಹತ್ತು ವರ್ಷದವನು. ಕಪ್ಪು ಬಿಳುಪಿನ ಆ ಪೆಟ್ಟಿಗೆಯ ಮುಂದೆ ಕುಳಿತು ಏನೇನು ನೋಡಿದೆನೋ ಬಹಳಷ್ಟು ಮರೆತಿದೆ. ನೆನಪಿರುವುದು ನಾನು ಕೇಳಿದ ಒಂದು ಪ್ರಶ್ನೆ ಮತ್ತು ಬಂದ ಉತ್ತರ.

“ಮಾಸ್ತರ, ಈ ಚಿತ್ರಾ ಎಲ್ಲಿಂದ ಬರ್ತಾವ್ರಿ?”

“ದಿಲ್ಲಿಯಿಂದ ತಮ್ಮಾ. ಸುಮ್ನ ಕುಂದರು.”

ಆ ಮಾಸ್ತರರನ್ನು ನಾನು ದೂರುವವನಲ್ಲ. ಒಳ್ಳೆಯ ಮನುಷ್ಯ, ಲೆಕ್ಕ ಚೆನ್ನಾಗಿ ಕಲಿಸಿದವರು. ಅವರಿಗೂ ಯಾರೂ ಹೇಳಿರಲಿಲ್ಲ, ಅಷ್ಟೇ. ಅಹಮದಾಬಾದಿನ ಭೂಕೇಂದ್ರದಿಂದ ಹೊರಟ ಸಂಕೇತ 36,000 ಕಿಲೋಮೀಟರ್ ಮೇಲೇರಿ, ಅಲ್ಲಿಂದ ಮತ್ತೆ ಅಷ್ಟೇ ದೂರ ಇಳಿದು ನಮ್ಮ ಸಾಲೆಯ ಅಂಗಳದ ತಟ್ಟೆಗೆ ಬೀಳುತ್ತಿತ್ತು ಎಂಬುದು ನನಗೆ ತಿಳಿದದ್ದು ನಾಲ್ಕಾರು ವರ್ಷಗಳ ಮೇಲೆ, ಹುನಗುಂದದ ವಾಚನಾಲಯದಲ್ಲಿ. ಅಷ್ಟು ಎತ್ತರದಲ್ಲಿ ಉಪಗ್ರಹ ಭೂಮಿಯನ್ನು ಒಂದು ಸುತ್ತು ಬರುವುದಕ್ಕೂ ಭೂಮಿ ತನ್ನನ್ನು ತಾನೇ ಒಂದು ಸುತ್ತು ತಿರುಗುವುದಕ್ಕೂ ಒಂದೇ ಹೊತ್ತು ಹಿಡಿಯುವುದರಿಂದ, ನಮ್ಮ ತಟ್ಟೆಯ ಪಾಲಿಗೆ ಅದು ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಇರುತ್ತಿತ್ತು. ದಿಲ್ಲಿ ಎಂಬ ಉತ್ತರಕ್ಕಿಂತ ಇದು ಎಷ್ಟು ಪಾಲು ಚೆಲುವಾದ ಉತ್ತರ! ಇಡೀ ಒಂದು ವರ್ಷ ಆಕಾಶದ ಅದ್ಭುತದ ಮುಂದೆಯೇ ಕುಳಿತಿದ್ದೆವು. ಅದು ಆಕಾಶದ್ದೆಂದು ನಮಗೆ ಗೊತ್ತಿರಲಿಲ್ಲ. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಪೆಟ್ಟಿಗೆ ಸುಮ್ಮನಾಯಿತು. ಮರುವರ್ಷ ಗುಲಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಬಂದರೂ ನಮ್ಮೂರಿಗೆ ಅದು ಮುಟ್ಟಲಿಲ್ಲ. ತಂತಿಯ ಜಾಳಿಗೆಯನ್ನು ಕೊನೆಗೆ ಯಾರೋ ಹಿತ್ತಲಿನ ಬಳ್ಳಿಗೆ ಹಂದರ ಮಾಡಿಕೊಂಡರು.

ಇನ್ನೊಂದು ನೆನಪು ಅಷ್ಟು ಹಗುರವಲ್ಲ. 1980ರ ಫೆಬ್ರವರಿ 16, ಶನಿವಾರ, ಅಮಾವಾಸ್ಯೆ. ಖಗ್ರಾಸ ಸೂರ್ಯಗ್ರಹಣ. ಚಂದ್ರನ ನೆರಳು ಅರಬ್ಬೀ ಸಮುದ್ರದಿಂದ ಅಂಕೋಲೆಯ ಬಳಿ ನೆಲಕ್ಕೆ ಬಂದು, ಹುಬ್ಬಳ್ಳಿಯ ಮೇಲೆ ಹಾದು, ರಾಯಚೂರಿನ ಕಡೆಗೆ ಓಡಿತು. ಅಂಥ ಗ್ರಹಣ ಒಂದೇ ಊರಿಗೆ ಮತ್ತೆ ಬರಬೇಕಾದರೆ ಸರಾಸರಿ ನೋಡಿದರೆ ಮುನ್ನೂರು ನಾನೂರು ವರ್ಷ ಬೇಕು. ಹೊರನಾಡಿನ ವಿಜ್ಞಾನಿಗಳು ದುರ್ಬೀನುಗಳನ್ನು ಹೊತ್ತು ನಮ್ಮ ಎರೆಭೂಮಿಗೆ ಬಂದು ಬಿಡಾರ ಹೂಡಿದ್ದರು. ನಾವೋ, ಬಾಗಿಲು ಹಾಕಿ ಒಳಗೆ ಕುಳಿತಿದ್ದೆವು. ಬಸ್ಸು ಓಡಲಿಲ್ಲ, ಅಂಗಡಿ ತೆರೆಯಲಿಲ್ಲ. ಕಣ್ಣಿಗೆ ಅಪಾಯ ಎಂದು ಸರಕಾರ ಎಚ್ಚರಿಸಿದ್ದು ನಿಜ, ಬೇಕಾದ ಎಚ್ಚರಿಕೆಯೇ; ಬರಿಗಣ್ಣಿನಿಂದ ಸೂರ್ಯನನ್ನು ನೋಡಿದರೆ ಕಣ್ಣು ಹೋದೀತು. ಆದರೆ ಪೂರ್ತಿ ಮುಚ್ಚಿದ ಆ ಎರಡೂವರೆ ನಿಮಿಷದಲ್ಲಿ ಮಾತ್ರ ಬರಿಗಣ್ಣಿನಿಂದಲೇ ನೋಡಬಹುದು, ನೋಡಬೇಕು, ಎಂಬ ಅರ್ಧ ವಾಕ್ಯ ನಮ್ಮ ಹಳ್ಳಿಗಳಿಗೆ ಬರಲೇ ಇಲ್ಲ. ‘ಅಪಾಯ’ ಎಂಬ ಅರ್ಧ ಮಾತ್ರ ಬಂತು.

ನನಗಾಗ ಹದಿನೈದು. ರೈಲು ಹತ್ತಿ ಗದಗಿಗೆ ಹೋಗಿದ್ದರೆ ಕಾಣುತ್ತಿತ್ತು. ಹೋಗುತ್ತೇನೆಂದೆ. ಅವ್ವ ಅತ್ತಳು. ಅಕ್ಕ ಆಗ ಬಸುರಿ. ನಾನು ಹೊರಗೆ ಹೋಗಿ ನೋಡಿದರೆ ಅವಳ ಕೂಸಿಗೆ ಊನವಾಗುತ್ತದೆಂದು ಅವ್ವನ ನಂಬಿಕೆ. ಹೋಗಲಿಲ್ಲ. ನಮ್ಮಂಗಳದಲ್ಲಿ ಅವ್ವ ಹಿತ್ತಾಳೆಯ ಪರಾತದಲ್ಲಿ ನೀರು ತುಂಬಿ, ಒನಕೆಯನ್ನು ನೆಟ್ಟಗೆ ನಿಲ್ಲಿಸಿದಳು. ಗ್ರಹಣ ಹಿಡಿದಾಗ ಒನಕೆ ತಾನಾಗಿ ನಿಲ್ಲುತ್ತದೆ, ಬಿಟ್ಟಾಗ ಬೀಳುತ್ತದೆ ಎಂಬ ಮಾತು ನಮ್ಮ ಕಡೆ ಇದೆ. ಬಾಗಿಲ ಸಂದಿಯಿಂದ ನಾನು ನೋಡಿದ್ದು ಆ ಒನಕೆಯನ್ನು, ಮತ್ತು ಅಂಗಳದ ಬೆಳಕು ಬೂದಿ ಬಣ್ಣಕ್ಕೆ ತಿರುಗಿದ್ದನ್ನು. ಅಷ್ಟೇ. ಅಕ್ಕನ ಕೂಸಿಗೆ ಏನೂ ಆಗಲಿಲ್ಲ, ಆಗುವುದಿರಲೂ ಇಲ್ಲ. ಎಷ್ಟೋ ವರ್ಷದ ಮೇಲೆ, ಗ್ರಹಣವಿಲ್ಲದ ಒಂದು ಬುಧವಾರ, ಅದೇ ಪರಾತದಲ್ಲಿ ಅದೇ ಒನಕೆಯನ್ನು ನಿಲ್ಲಿಸಿ ಅವ್ವನಿಗೆ ತೋರಿಸಿದೆ. ತಳ ಸಪಾಟಾಗಿರುವ ಒನಕೆ ಎಂದಾದರೂ ನಿಲ್ಲುತ್ತದೆ. ಅವ್ವ ನೋಡಿ, “ಬುಧವಾರನೂ ನಿಂದರ್ತೈತಿ ಅಂದಮ್ಯಾಲ ಗ್ರಹಣದಾಗ ನಿಂದರಂಗಿಲ್ಲೇನು?” ಎಂದಳು. ಈ ತರ್ಕಕ್ಕೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ. ನಾನು ಈಗ ವಿದ್ಯಾಗಿರಿಯಲ್ಲಿ ನೆರಳಿನ ಆಟಕ್ಕೆ ಒಯ್ಯುವುದು ಅದೇ ಒನಕೆಯನ್ನು.

ವರದಿಗಾರನಾದ ಮೇಲೆ ಈ ಬಗೆಯ ಬರಹವನ್ನು ಕಲಿತದ್ದು ಬೇರೆಯವರನ್ನು ಓದಿ. ಆ ಕಾಲಕ್ಕೆ ‘ಪ್ರಜಾವಾಣಿ’ಯಲ್ಲಿ ನಾಗೇಶ ಹೆಗಡೆಯವರು ಬರೆಯತೊಡಗಿದ್ದರು. ಶಿರಸಿ ಕಡೆಯ ಬಕ್ಕೆಮನೆಯವರು. ವಿಜ್ಞಾನವನ್ನೇ ಓದಿ, ಪಾಠ ಹೇಳುವುದನ್ನು ಬಿಟ್ಟು ಪತ್ರಿಕೆಗೆ ಬಂದವರು. ಅವರ ‘ವಿಜ್ಞಾನ ವಿಶೇಷ’ ಅಂಕಣಕ್ಕಾಗಿ ಪತ್ರಿಕೆಯನ್ನು ಹಿಂದಿನ ಪುಟಗಳಿಂದ ಬಿಡಿಸಿದವರು ನಾನೊಬ್ಬನೇ ಅಲ್ಲ. ಅವರಿಂದ ಕಲಿಯುವುದು ಎರಡು. ಮೊದಲನೆಯದು, ದೂರದ ವಿಷಯವನ್ನು ಕೈಗೆ ಸಿಗುವ ವಸ್ತುವಿನಿಂದ ಆರಂಭಿಸುವುದು. ಇನ್ನೊಂದು ಇನ್ನೂ ಕಷ್ಟದ್ದು: ರಾಕೆಟ್ ಹಾರಿತು ಎಂದು ಚಪ್ಪಾಳೆ ತಟ್ಟುವುದರ ಜೊತೆಗೆ ಅದು ಏಕೆ ಹಾರಿತು, ಯಾರಿಗಾಗಿ ಹಾರಿತು ಎಂದೂ ಕೇಳುವುದು. ರಕ್ಷಣಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಯಾಗಿದ್ದ ಸುಧೀಂದ್ರ ಹಾಲ್ದೊಡ್ಡೇರಿಯವರು ಹಿರಿಯ ಪತ್ರಕರ್ತರ ಮಗ. ರಾಕೆಟ್ಟಿನ ಒಳಗುಟ್ಟು ಬಲ್ಲವರೇ ಅಂಕಣಕಾರರಾದರೆ ಏನಾಗುತ್ತದೆ ಎಂಬುದಕ್ಕೆ ಅವರು ಸಾಕ್ಷಿ. 2021ರಲ್ಲಿ ಅವರು ಹೋದದ್ದು ಕನ್ನಡಕ್ಕೆ ಆದ ದೊಡ್ಡ ನಷ್ಟ. ಸಿ.ಆರ್. ಸತ್ಯ ಅವರನ್ನು ನೀವು ಹೆಸರಿನಿಂದ ಬಲ್ಲಿರೋ ಇಲ್ಲವೋ, ಚಿತ್ರದಿಂದ ಬಲ್ಲಿರಿ. ತುಂಬಾದಲ್ಲಿ ಸೈಕಲ್ಲಿನ ಹಿಂಬದಿಗೆ ರಾಕೆಟ್ಟಿನ ಮೂತಿಯನ್ನಿಟ್ಟು ಇಬ್ಬರು ತಳ್ಳಿಕೊಂಡು ಹೋಗುತ್ತಿರುವ, 1966ರಲ್ಲಿ ಫ್ರಾನ್ಸಿನ ಕಾರ್ತಿಯೆ ಬ್ರೆಸೋನ್ ತೆಗೆದ ಆ ಪ್ರಸಿದ್ಧ ಛಾಯಾಚಿತ್ರದಲ್ಲಿರುವವರಲ್ಲಿ ಒಬ್ಬರು ಅವರು. ಆಮೇಲೆ ಕನ್ನಡದಲ್ಲಿ ಬರೆಯುತ್ತ ಬಂದರು, ನಗಿಸುತ್ತ ಬರೆದರು.

ಮಾತುಗಳ ತೊಡಕನ್ನು ಸ್ವಲ್ಪ ಹೇಳಬೇಕು. ‘ಉಪಗ್ರಹ’ ಎಂದು ಬರೆಯುತ್ತೇವೆ. ನಮ್ಮ ಜನಕ್ಕೆ ‘ಗ್ರಹ’ವೆಂದರೆ ಮೊದಲು ನೆನಪಾಗುವುದು ಗ್ರಹಚಾರ. ಆರ್ಯಭಟ ಎಂಬ ನಮ್ಮ ಮೊದಲ ಉಪಗ್ರಹವನ್ನು ಬೆಂಗಳೂರಿನ ಪೀಣ್ಯದ ಷೆಡ್ಡುಗಳಲ್ಲಿ ಕಟ್ಟಿ 1975ರ ಏಪ್ರಿಲ್ 19ರಂದು ರಷ್ಯದಿಂದ ಹಾರಿಸಿದರು. ಕಟ್ಟಿಸಿದವರು ಉಡುಪಿಯ ಬಳಿಯ ಅದಮಾರಿನ ಯು.ಆರ್. ರಾವ್. ಆ ಸುದ್ದಿಯನ್ನು ಮನೆಯಲ್ಲಿ ಓದಿ ಹೇಳಿದಾಗ ನಮ್ಮಜ್ಜಿ, “ಇರೂ ಒಂಬತ್ತು ಗ್ರಹ ಕಾಡೂದು ಸಾಲದಂತ ಇವರೊಂದು ಉಪಗ್ರಹ ಮಾಡಿದ್ರೇನು?” ಎಂದಿದ್ದಳಂತೆ. ‘ಕಕ್ಷೆ’ ಎಂದರೆ ಹುನಗುಂದದ ಕೋರ್ಟಿಗೆ ಅಲೆದವನಿಗೆ ಕಕ್ಷಿಗಾರ ನೆನಪಾಗುತ್ತಾನೆ. ‘ಜ್ಯೋತಿರ್ವರ್ಷ’ ದೂರದ ಅಳತೆ. ಆದರೆ ಹೆಸರಿನಲ್ಲಿ ವರ್ಷ ಇರುವುದರಿಂದ ಓದುವವರು ಕಾಲವೆಂದೇ ಹಿಡಿಯುತ್ತಾರೆ, ಬರೆಯುವವರೂ ಎಷ್ಟೋ ಸಲ ಹಾಗೆಯೇ ಬರೆಯುತ್ತಾರೆ. ರಾಕೆಟ್ಟನ್ನು ಮಾತ್ರ ನಾವು ರಾಕೆಟ್ಟೆಂದೇ ಇಟ್ಟುಕೊಂಡೆವು, ಅದು ಒಳ್ಳೆಯದಾಯಿತು.

ಇದು ನಗೆಯ ಮಾತಷ್ಟೇ ಅಲ್ಲ. 2014ರ ಸೆಪ್ಟೆಂಬರ್ 24ರ ಮುಂಜಾನೆ ನಮ್ಮ ನೌಕೆ ಮಂಗಳ ಗ್ರಹದ ಕಕ್ಷೆಯನ್ನು ಸೇರಿತು. ಅಲ್ಲಿಂದ ಹೊರಟ ಸಂಕೇತ ಬೆಂಗಳೂರಿನ ಬಳಿಯ ಬ್ಯಾಲಾಳಿನಂಥ ಕೇಂದ್ರಗಳಿಗೆ ಮುಟ್ಟಲು ಹನ್ನೆರಡೂವರೆ ನಿಮಿಷ ಹಿಡಿಯುತ್ತಿತ್ತು. ಅಷ್ಟು ಹೊತ್ತು ಗೆದ್ದೆವೋ ಸೋತೆವೋ ಯಾರಿಗೂ ಗೊತ್ತಿಲ್ಲ. ನಾನು ಅದನ್ನೆಲ್ಲ ಉತ್ಸಾಹದಿಂದ ಬರೆದಿದ್ದೆ. ಎರಡು ದಿನ ಬಿಟ್ಟು ಒಬ್ಬ ರೈತ ಪತ್ರಿಕೆಯ ಆ ತುಂಡನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಮನೆ ಹುಡುಕಿಕೊಂಡು ಬಂದ. ಮಗಳಿಗೆ ಕುಜದೋಷ, ಮೂರು ಕಡೆ ಸಂಬಂಧ ತಪ್ಪಿತ್ತು.

“ಸಾಹೇಬ್ರ, ನಮ್ಮ ಮಂದಿ ಕಳಿಸಿದ ಯಂತ್ರ ಮಂಗಳನ್ನ ಸುತ್ತಾಕತ್ತೈತಿ ಅಂತ ಬರ್ದೀರಿ. ಅಲ್ಲಿ ಬರೀ ಕೆಂಪು ಮಣ್ಣೈತಿ ಅಂತನೂ ಬರ್ದೀರಿ. ಇದನ್ನ ಬೀಗರಿಗೆ ತೋರಿಸಿದ್ರ ಒಪ್ಪತಾರೇನ್ರಿ?”

ಒಪ್ಪುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ನಾನು ಕುಳಿತು, ಮಂಗಳವೆಂದರೇನು, ಎಷ್ಟು ದೂರ, ಅಲ್ಲಿಂದ ಬರುವ ಬೆಳಕು ಒಂದು ಹುಡುಗಿಯ ಬಾಳಿನಲ್ಲಿ ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂದು ಎರಡು ಪುಟ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ನನ್ನ ಬರಹಗಳಲ್ಲಿ ಎಲ್ಲಕ್ಕಿಂತ ಎಚ್ಚರದಿಂದ ಬರೆದದ್ದು ಅದೇ, ಅಚ್ಚಾಗಲಿಲ್ಲ. ಅದರಿಂದ ಏನಾಯಿತೆಂದು ಆತ ಬಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬೇರೆ ಭಾಷೆಯವರೂ ಈ ಕಷ್ಟವನ್ನು ಕಂಡವರೇ. ಸ್ಪ್ಯಾನಿಷ್ ಆಡುವವರು ಲೋಕದಲ್ಲಿ ಸುಮಾರು ಐವತ್ತು ಕೋಟಿ. ಆದರೂ ನಾಸಾ ಬೇರೊಂದು ಗ್ರಹದ ಮೇಲೆ ನೌಕೆ ಇಳಿಸುವುದನ್ನು ಸ್ಪ್ಯಾನಿಷ್‌ನಲ್ಲಿ ನೇರವಾಗಿ ಬಿತ್ತರಿಸಿದ್ದು ಮೊತ್ತಮೊದಲಿಗೆ 2021ರ ಫೆಬ್ರವರಿ 18ರಂದು, ಪರ್ಸೆವೆರೆನ್ಸ್ ಮಂಗಳಕ್ಕಿಳಿದಾಗ. ನಡೆಸಿಕೊಟ್ಟವರು ಕೊಲಂಬಿಯಾದಲ್ಲಿ ಹುಟ್ಟಿದ ಎಂಜಿನಿಯರ್ ಡಯಾನಾ ಟ್ರುಹಿಯೊ. ಹದಿನೇಳನೆಯ ವಯಸ್ಸಿನಲ್ಲಿ ಇಂಗ್ಲಿಷ್ ಬಾರದೆ ಅಮೆರಿಕಕ್ಕೆ ಬಂದು, ಮನೆಗಳ ಕಸ ಗುಡಿಸಿ ಓದಿದ ಹೆಣ್ಣುಮಗಳು. ಆ ದೇಶಗಳ ಅಜ್ಜಿಯರು ಅಂದು ತಮ್ಮ ಮಾತಿನಲ್ಲಿಯೇ ಅದನ್ನು ಕೇಳಿದರು. 2011ರ ಜನಗಣತಿಯಂತೆ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 4 ಕೋಟಿ 37 ಲಕ್ಷ. ಐವತ್ತು ಕೋಟಿಗೆ ಹೋಲಿಸಿದರೆ ಸಣ್ಣದು. ಆದರೆ ಇಸ್ರೋದ ಮನೆ ಇರುವುದು ನಮ್ಮ ನಾಡಿನಲ್ಲಿ. ಅಂಗಳದಲ್ಲಿ ನಡೆಯುವುದು ಅಡಿಗೆಮನೆಗೆ ತಿಳಿಯದಿದ್ದರೆ ಹೇಗೆ?

ಇನ್ನು ನನ್ನದೇ ಒಂದು ತಪ್ಪಿನ ಕಥೆ. 2019ರ ಸೆಪ್ಟೆಂಬರ್ 7, ರಾತ್ರಿ ಒಂದೂಮುಕ್ಕಾಲರ ಮೇಲೆ ಚಂದ್ರಯಾನ-2ರ ವಿಕ್ರಮ್ ಚಂದ್ರನ ಮೇಲಿಳಿಯಬೇಕಾಗಿತ್ತು. ನಮ್ಮ ಆವೃತ್ತಿಯ ಒಳಪುಟ ರಾತ್ರಿ ಹತ್ತಕ್ಕೇ ಮುಗಿಯುವುದು. ನಾನು ಮಕ್ಕಳಿಗಾಗಿ ಒಂದು ಲೇಖನ ಕೊಟ್ಟಿದ್ದೆ. ಅದರ ಮೊದಲ ಸಾಲು: “ನೀವು ಇದನ್ನು ಓದುವ ಹೊತ್ತಿಗೆ ವಿಕ್ರಮ್ ಚಂದ್ರನ ಮೇಲಿರುತ್ತಾನೆ.” ಕಂಪ್ಯೂಟರಿನಲ್ಲಿ ಟೈಪಾದ ಮೇಲೆ ಒಮ್ಮೆ ಮನಸ್ಸು ಅಳುಕಿತು. ‘ಇಳಿಯಬೇಕು’ ಎಂದು ತಿದ್ದಿದರೆ ಸಪ್ಪೆಯಾಗುತ್ತದೆಂದು ಹಾಗೆಯೇ ಬಿಟ್ಟೆ. ನೆಲ ಇನ್ನು 2.1 ಕಿಲೋಮೀಟರ್ ಇರುವಾಗ ಸಂಪರ್ಕ ಕಡಿಯಿತು. ಬೆಳಿಗ್ಗೆ ಪತ್ರಿಕೆ ಬಂತು. ಮುಖಪುಟದಲ್ಲಿ ಒಂದು ಸುದ್ದಿ, ಒಳಪುಟದಲ್ಲಿ ನನ್ನ ಸಾಲು.

ವಿದ್ಯಾಗಿರಿಯ ಚಹಾದಂಗಡಿಯಲ್ಲಿ ಯಾರೂ ಏನೂ ಅನ್ನಲಿಲ್ಲ. ಸೋಮವಾರ ಒಂದು ಸಾಲೆಗೆ ಹೋಗಿದ್ದೆ; ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಸರ್, ನೀವು ನೋಡಿ ಬರೀತೀರೋ, ನೋಡಲಾರ್ದ ಬರೀತೀರೋ?” ಪಂಚಾಂಗ ನೋಡಿ ನಾಳೆಯದನ್ನು ಹೇಳುವವರನ್ನು ನಾನು ಜೀವಮಾನವೆಲ್ಲ ಟೀಕಿಸಿದವನು. ಗ್ರಹಣದ ಹೊತ್ತನ್ನು ಹೇಳುವ ಪಂಚಾಂಗದವನಾದರೂ ತಪ್ಪುವುದಿಲ್ಲ, ನಾನು ತಪ್ಪಿದ್ದೆ. ಮರುವಾರ ತಿದ್ದುಪಡಿ ಕೊಟ್ಟೆ, ಮೂರು ಸಾಲು ಜಾಗ ಸಿಕ್ಕಿತು. ಅದೇ ಸಮಯದಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಯಶಸ್ಸು ಎಂಬ ಮಾತು ಎಲ್ಲೆಡೆ ಓಡಾಡುತ್ತಿತ್ತು. ಚಂದ್ರನನ್ನು ಸುತ್ತುವ ಭಾಗ ಚೆನ್ನಾಗಿ ಕೆಲಸ ಮಾಡುತ್ತಿದ್ದುದು ನಿಜ. ಆದರೆ ಇಳಿಯುವ ಭಾಗ ಬಿದ್ದು ಒಡೆಯಿತು ಎಂಬುದನ್ನು ಮಕ್ಕಳಿಗೆ ನೇರವಾಗಿ ಹೇಳಿದರೆ ಏನು ಕೆಡುತ್ತದೆ? ಆ ಹುಡುಗಿಯ ತರಗತಿಯಲ್ಲಿ ನಾನು ಹಾಗೆಯೇ ಹೇಳಿದೆ. ಏಕೆ ಬಿತ್ತು, ವೇಗ ತಗ್ಗಿಸುವುದು ಎಷ್ಟು ಕಷ್ಟ, ಗಾಳಿ ಇಲ್ಲದ ಕಡೆ ಪ್ಯಾರಾಶೂಟ್ ಏಕೆ ಉಪಯೋಗವಿಲ್ಲ ಎಂದು ಅವರು ಒಂದು ಗಂಟೆ ಕೇಳಿದರು. ಗೆದ್ದಿದ್ದರೆ ಹತ್ತು ನಿಮಿಷ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಿದ್ದರೋ ಏನೋ.

2023ರ ಆಗಸ್ಟ್ 23ರ ಸಂಜೆ ಆರು ಗಂಟೆ ನಾಲ್ಕು ನಿಮಿಷಕ್ಕೆ ಚಂದ್ರಯಾನ-3 ಇಳಿಯಿತು. ಅಂದು ನಾನು ಆರು ಗಂಟೆ ಐದು ನಿಮಿಷದವರೆಗೆ ಒಂದಕ್ಷರ ಬರೆಯಲಿಲ್ಲ.

ಹೋದ ವರ್ಷದ, ಅಂದರೆ 2025ರ, ಜನವರಿಯ ಮಾತು ಹೇಳಿ ನಿಲ್ಲಿಸುತ್ತೇನೆ. ಭೂಮಿಯಿಂದ ಸುಮಾರು 475 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿದ್ದ ಎರಡು ಪುಟ್ಟ ಉಪಗ್ರಹಗಳನ್ನು, ಒಂದೊಂದು 220 ಕಿಲೋ ತೂಕದವು, ಇಸ್ರೋದವರು ಜನವರಿ 16ರಂದು ಒಂದಕ್ಕೊಂದು ಜೋಡಿಸಿದರು. ಇದನ್ನು ಇಳಕಲ್ಲಿನಲ್ಲಿ ಹೇಳುವ ಪ್ರಸಂಗ ಬಂತು. ಇಳಕಲ್ಲ ಸೀರೆಯ ವಿಶೇಷ ನಿಮಗೆ ಗೊತ್ತಲ್ಲ. ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆ ಅಣಿಮಾಡಿ ಕೊಂಡಿ ಹಾಕಿ ಒಂದುಗೂಡಿಸುತ್ತಾರೆ. ನನಗೆ ಉಪಮೆ ಸಿಕ್ಕಿತೆಂದು ಹಿಗ್ಗಿ, ಆಕಾಶದಲ್ಲಿ ನಡೆದದ್ದು ಕೊಂಡಿ ಹಾಕುವ ಕೆಲಸವೇ ಎಂದು ಬರೆದುಕೊಂಡು ಹೋಗಿ ಓದಿದೆ. ಮುಂದೆ ಕುಳಿತಿದ್ದ ನೇಕಾರರ ಮನೆಯ ಒಬ್ಬ ಹಿರಿಯ ಹೆಂಗಸು ಕೈ ಎತ್ತಿದಳು.

“ಯಪ್ಪಾ, ಕೊಂಡಿ ಅಂದ್ರ ಒಂದೊಂದು ಎಳಿಗೂ ಒಂದೊಂದು ಎಳಿ ಕೂಡಸೂದು. ಕೂಡಿಸಿದ ಮ್ಯಾಲ ಬಿಡಸಾಕ ಬರಂಗಿಲ್ಲ. ನಿಮ್ಮವು ಹೊಳ್ಳಿ ಬಿಡ್ತಾವೇನು?”

“ಬಿಡ್ತಾವ್ರಿ ಅವ್ವಾರ. ಬೇಕಂದಾಗ ಬಿಡಸ್ತಾರ.”

“ಹಂಗಾರ ಅದು ಕೊಂಡಿ ಅಲ್ಲ ಬಿಡ್ರಿ. ರೈಲಿನ ಡಬ್ಬಿ ಜೋಡಸ್ತಾರಲ್ಲ, ಅದು.”

ಮಾರ್ಚ್ 13ರಂದು ಅವನ್ನು ಬಿಡಿಸಿಯೂ ಆಯಿತು. ಮನೆಗೆ ಬಂದವನೇ ನಾನು ಕೊಂಡಿಯ ಸಾಲನ್ನು ಹೊಡೆದುಹಾಕಿ, ಬಾಗಲಕೋಟೆಯ ಸ್ಟೇಷನ್ನಿನಲ್ಲಿ ಡಬ್ಬಿ ಜೋಡಿಸುವವನು ಹಿಂದಕ್ಕೆ ಬರುವ ಎಂಜಿನ್ನಿಗೆ ಕೈ ಸನ್ನೆ ಮಾಡುವುದನ್ನು ಬರೆದೆ. ನಿಧಾನ, ಇನ್ನೂ ನಿಧಾನ, ಇನ್ನೊಂದು ಗೇಣು, ಸಾಕು.